ಮೊಣಕಾಲುದ್ದ ಕಡಲು

"ಕಾಲಿಲ್ಲ ಡಾಕ್ಟರೇ, ಇವನಿಗೆ ಕಾಲೇ ಇಲ್ಲ,"
ಎಂದ ಸಾರ್ಜೆಂಟ್ ಇಸ್ಬಿಸ್ಟರ್, ಠಾಣೆಯ ಬಾಗಿಲಲ್ಲೇ.
ಹೊಸಬಳು ನಾನು, ಲೆರ್ವಿಕ್ಕಿಗೆ ಬಂದು ಒಂಬತ್ತು ದಿನ,
ಗಾಲಿಕುರ್ಚಿ ಹುಡುಕಲು ಓಡಿದೆ.
ತಳ್ಳಿಕೊಂಡು ಬಂದು ನೋಡಿದರೆ ಬೆಂಚಿನ ಮೇಲೆ
ಎರಡೂ ಕಾಲು ನೆಟ್ಟಗಿದ್ದ ರಷ್ಯದ ನಾವಿಕ.
ಬೂಟಿನಿಂದ ಸಮುದ್ರ ತೊಟ್ಟಿಕ್ಕುತ್ತಿತ್ತು.

ಲೆಗ್‌ಲೆಸ್ ಅಂದರೆ ಕುಡಿದವ, ಅಷ್ಟೇ.
ದುಭಾಷಿ ತಮಾರಾ ಲ್ವೋವ್ನಾ ನಕ್ಕಳು,
ಹೆಣೆಯುತ್ತಿದ್ದ ಕಾಲುಚೀಲ ಕೆಳಗಿಡದೆ.
"ನಾವು ಇನ್ನೂ ಕೆಳಗಿಳಿಯುತ್ತೇವೆ.
ವ್ ಸ್ತೇಲ್ಕು, ಬೂಟಿನ ಒಳ‌ಅಟ್ಟೆಯಾಗಿದ್ದಾನೆ ಅಂತ.
ಕಾಲು ಹೋದರೇನಂತೆ, ಅಟ್ಟೆ ಉಳಿಯಿತಲ್ಲ!"

ಆ ಚಳಿಗಾಲ ಬಂದರಿನ ತುಂಬ ಅವರ ಹಡಗು,
ಮೀನು ಕೊಳ್ಳಲು ಬಂದು ಲಂಗರು ಹಾಕಿದ
ತುಕ್ಕಿನದೊಂದು ಊರು.
ಶನಿವಾರ ರಾತ್ರಿ ನನ್ನ ಕೈಗೊಂದು ಫಾರಂ.
ಕುಡಿದಿದ್ದಾನೆಯೇ? ಹೌದು, ಇಲ್ಲ. ಎರಡೇ ಚೌಕ.
ಚೌಕದಾಚೆ ಇಸ್ಬಿಸ್ಟರನ ಬಾಯಿ ಮಾತ್ರ ಖಜಾನೆ.
ಹ್ಯಾಮರ್ಡ್ ಅಂದ, ಸುತ್ತಿಗೆಯೇಟು ತಿಂದವ.
ಪ್ಲಾಸ್ಟರ್ಡ್ ಅಂದ, ಗಾರೆ ಮೆತ್ತಿಸಿಕೊಂಡವ.
"ನಿಮ್ಮವರು ಕುಡಿಯುತ್ತಾರೋ ಮನೆ ಕಟ್ಟುತ್ತಾರೋ,"
ಎಂದಳು ತಮಾರಾ. "ನಮ್ಮವರು ಸೌದೆಯಾಗುತ್ತಾರೆ, ವ್ ದ್ರವಾ.
ಸ್ವಲ್ಪವೇ ಆದರೆ, ನೊಣದ ಕೆಳಗಿದ್ದಾನೆ."
ಎಷ್ಟು ದೊಡ್ಡ ನೊಣ, ಕೇಳಿದ ಇಸ್ಬಿಸ್ಟರ್,
ಬರೆದುಕೊಳ್ಳಲು ಪೆನ್ನು ತೆಗೆದು.
ಮೂರು ಶೀಟು ಗಾಳಿಗೆ ಬಿಟ್ಟವ ಎಂಬುದೊಂದಕ್ಕೆ
ಅವಳಿಗೆ ರಷ್ಯನ್ ಸಿಗಲಿಲ್ಲ. ಹಾಸಿಗೆಯ ಶೀಟು ಅಂದುಕೊಂಡಿದ್ದಳು.
ಹಾಯಿಯ ಹಗ್ಗ ಕಣಮ್ಮಾ, ಎಂದು ಆತ
ಬೇಜಾರಿನಲ್ಲಿ ತಿದ್ದಿದ.

"ನಿಮ್ಮಲ್ಲಿ?" ಎಂದು ನನ್ನತ್ತ ತಿರುಗಿದಳು.
ನನ್ನಪ್ಪ ಗದಗಿನಲ್ಲಿ ಅಬಕಾರಿ ಗುಮಾಸ್ತ.
ಕಡತದಲ್ಲಿ ಒಂದೇ ಪದ, ಪಾನಮತ್ತ, ದುಂಡಗಿನ ಅಕ್ಷರ.
ಮನೆಗೆ ಬಂದು ಅವ್ವನ ಮುಂದೆ ಕೂತರೆ
ಎಣ್ಣೆ, ಗುಂಡು, ತೀರ್ಥ, ಎಲ್ಲ ಹೊರಗೆ ಬರುತ್ತಿದ್ದವು.
"ಇವತ್ತು ಸಾಹೇಬರ ಒಳಗ ಪರಮಾತ್ಮ ಇಳಿದಿದ್ದ ನೋಡು."
ದೇವರೇ ಇಳಿಯುತ್ತಾನೆಯೇ?
ಇಸ್ಬಿಸ್ಟರ್ ಚರ್ಚಿನ ಹಿರಿಯ. ಪೆನ್ನಿನ ಮುಚ್ಚಳ ಹಾಕಿದ.

ಫೆಬ್ರವರಿಯಲ್ಲಿ ಅದೇ ನಾವಿಕ ಮತ್ತೆ ಬಂದ, ರೋದಿಯೋನ್.
ಈ ಸಲ ಒಂದು ಹನಿಯೂ ಕುಡಿದಿರಲಿಲ್ಲ.
ಗೆಳೆಯ ಗ್ಲೇಬ್ ರಾತ್ರಿ, ಗುಜರಿಯಿಂದ ತಂದ ಟೈರು
ಹೆಗಲಿಗೇರಿಸಿಕೊಂಡೇ ದೋಣಿಯಿಂದ ಇಳಿದಿದ್ದನಂತೆ,
ನಡೆದೇ ಹೋಗುತ್ತೇನೆ ಹಡಗಿಗೆ, ಎಂದು.
"ಹೇಗಿದ್ದ ಆಗ?"
ರೋದಿಯೋನ್ ಮೂರೇ ಪದ ಹೇಳಿದ.
ತಮಾರಾ ದಣಿದಿದ್ದಳು, ಮೂರನ್ನೂ ಹಾಗೇ ದಾಟಿಸಿದಳು:
"ಕಡಲು ಮೊಣಕಾಲಿನ ತನಕ."
ಇಸ್ಬಿಸ್ಟರ್ ಬಂದರಿನ ನಕ್ಷೆ ಬಿಡಿಸಿ
ಬೆರಳಿಟ್ಟು ಓದಿದ. ಅಲ್ಲಿ ಹದಿನೆಂಟು ಮೀಟರು.
"ಸುಳ್ಳು ಹೇಳುತ್ತಿದ್ದಾನೆ."

ಆಗ ಅವಳು ಹೆಣಿಗೆಯ ಕಡ್ಡಿ ಕೆಳಗಿಟ್ಟಳು.
"ಅದು ಆಳವಲ್ಲ ಸಾರ್ಜೆಂಟ್. ನಮ್ಮ ಮಾತು.
ಕುಡಿದವನಿಗೆ ಹಾಗೆ ಕಾಣುತ್ತದೆ, ಅಂತ."
ನಕ್ಷೆ ಮಡಚುವುದು ಆತನಿಗೆ ಬರಲಿಲ್ಲ ಅಂದು,
ಎರಡು ಸಲ ತಪ್ಪು ಗೆರೆಯಲ್ಲಿ ಮಡಚಿದ.

ಫಾರಂ ನನ್ನ ಮುಂದಿತ್ತು, ಹೌದು, ಇಲ್ಲ.
ನೋಡಿರದ ಗ್ಲೇಬನಿಗೆ ನಮ್ಮದೊಂದು ಪದ ಹುಡುಕಿದೆ,
ಪರಮಾತ್ಮ ಬೇಡ, ಎಣ್ಣೆ ಬೇಡ.
ಮತ್ತು. ಅಮಲಿಗೂ ಅದೇ,
ಇನ್ನೂ ಏನೋ ಇದೆ ತಡಿ ಎನ್ನುವುದಕ್ಕೂ ಅದೇ.
ದೋಣಿಯಂಚಿಗೆ ಅವನೊಂದು ಕಾಲೆತ್ತಿದ ಮತ್ತು

ಹೊರಡುವ ಮುನ್ನ ರೋದಿಯೋನ್
ಹೀಟರಿನ ಮೇಲೆ ಒಣಗಲಿಟ್ಟ ಅಟ್ಟೆಗಳನ್ನು ತೆಗೆದುಕೊಂಡ.
ಎಡ ಯಾವುದು, ಬಲ ಯಾವುದು,
ಟ್ಯೂಬ್‌ಲೈಟಿಗೆ ಹಿಡಿದು ತುಂಬ ಹೊತ್ತು ನೋಡಿದ.