ಎಡಚನ ಕತ್ತಿ

ಮತ್ರಾದ ಮೀನುಕಟ್ಟೆಯಲ್ಲಿ ನನಗೆ ಸಿಕ್ಕಿದ್ದು
ಊರಿಗೆ ಹೋದ ಇದಿನಬ್ಬಾಕನ ಕತ್ತಿ.
ಅವ ಎಡಚ. ಅಲಗು ಒಂದೇ ಮಗ್ಗುಲಿಗೆ ಸವೆದು
ನನ್ನ ಕೈಯಲ್ಲಿ ಅಂಜಲನ್ನು ಓರೆಯಾಗಿ ಸೀಳುತ್ತದೆ.
(ಇಲ್ಲಿ ಅದು ಕನ್ನದ್. ಮೊದಲ ದಿನ ಯಾರೋ ಕೂಗಿದಾಗ
ನನ್ನನ್ನೇ ಎಂದು ತಿರುಗಿದ್ದೆ.)

ಅಂಗಡಿಯವ ಮೂರು ಕಲ್ಲು ಇಟ್ಟ.
ಆರು ಸಾವಿರದ್ದು ಬೆಣ್ಣೆ; ಬೆಲೆ, ನನ್ನ ವಾರದ ಊಟ.
ಸಾವಿರದ್ದು ದಿನಬಳಕೆಗೆ.
ಇನ್ನೂರಿಪ್ಪತ್ತರದ್ದು ಬರೀ ಒರಟು:
‘ಹರಿತ ಮಾಡುವುದಲ್ಲ, ಆಕಾರವನ್ನೇ ತಿದ್ದುತ್ತದೆ.’
ಕೊನೆಯ ಎರಡನ್ನು ಕೊಂಡೆ.

ರೂಮಿನಲ್ಲಿ ಬಕೆಟ್ಟಿಗೆ ಹಾಕಿ,
ಗುಳ್ಳೆ ನಿಲ್ಲುವವರೆಗೆ ಕಾದು,
ಬಲಗೈಯಲ್ಲಿ ತಿಕ್ಕಿದೆ.
ಹತ್ತೊಂಬತ್ತು ವರ್ಷದ ಎಡಗೈ
ಬೂದು ರಾಡಿಯಾಗಿ ಇಳಿಯಿತು.

ಹಿಡಿಯ ಬುಡದಲ್ಲಿ ಒಂದು ಬೆರಳಗಲ ಹಾಗೇ ಬಿಟ್ಟೆ.
ಚಿಪ್ಪು ಹೆರೆಯಲಿಕ್ಕೆ ಬೇಕಾಗುತ್ತದೆ, ಅಂದೆ.
ಯಾರೂ ಕೇಳಿರಲಿಲ್ಲ.