ಗಿರಣಿಯ ಮೇಲಿನ ಪಾಠ

ಶ್ರೀನಗರದಲ್ಲಿ, ಮುನಿವೆಂಕಟಪ್ಪನವರ ಹಿಟ್ಟಿನ ಗಿರಣಿಯ ಮೇಲೆ
ಹತ್ತಕ್ಕೆ ಹನ್ನೆರಡಡಿಯ ಒಂದು ಕೋಣೆ. ಬಾಡಿಗೆ ಕಮ್ಮಿ,
ಯಾಕೆಂದರೆ ನೆಲ ನಡುಗುತ್ತದೆ.
ಪಿಟೀಲಿನ ಮೇಲೆ ಕೂತದ್ದು ರಾಳದ ಪುಡಿಯೋ ಗೋಧಿಯದೋ
ಇಪ್ಪತ್ತೊಂದು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಗುರುವಾರ ಸಂಜೆ ಐದೂಕಾಲಿಗೆ ಇಂಚರ ಬರುತ್ತಾಳೆ.
ಅಪ್ಪ ಅಮ್ಮ ಆಸೆಪಟ್ಟು ಇಟ್ಟ ಹೆಸರು.
ಹನ್ನೊಂದು ವರ್ಷ. ಅವಳ ಗಾಂಧಾರ ಮಾತ್ರ
ಮಧ್ಯಮದ ಮನೆ ಬಾಗಿಲಲ್ಲಿ
ಚಪ್ಪಲಿ ಬಿಟ್ಟು ನಿಂತಿರುತ್ತದೆ.

ಅಭ್ಯಾಸ ಮಾಡಿದೆಯಾ ಎಂದು ನಾನು ಕೇಳುವುದಿಲ್ಲ.
ಕೇಳಿದರೆ ಸುಳ್ಳು ಹೇಳುವುದನ್ನು ಕಲಿಸಿದ ಹಾಗೆ.
ಹೋದ ವಾರ ನಾನು ಮಡಿಸಿಟ್ಟ ಹಳದಿ ಬಟ್ಟೆ
ನನ್ನದೇ ಮಡಿಕೆಯಲ್ಲಿ ಪೆಟ್ಟಿಗೆಯಿಂದ ನೋಡುತ್ತದೆ. ಸಾಕು.

ನನ್ನ ಮೇಷ್ಟ್ರು ಕಮಾನಿನ ಬೆನ್ನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು.
ಡಿಸೆಂಬರಿನಲ್ಲಿ ಈಗಲೂ ಉಂಗುರದ ಬೆರಳು ಅವರನ್ನು ನೆನೆಯುತ್ತದೆ.
ನುಡಿಸಲು ಕಲಿತೆ, ನಿಜ.
ಹೊಡೆತದಿಂದ ಕಲಿತೆನೋ ಹೊಡೆತವಿದ್ದೂ ಕಲಿತೆನೋ
ಆ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಹಾಗಾಗಿ ಹುಣಸೆ ಬೀಜ. ಎಡಕ್ಕೆ ಹತ್ತು.
ಜಂಟಿ ವರಸೆ ಒಮ್ಮೆ ಸರಿ ಬಂದರೆ ಒಂದು ಬೀಜ ಬಲಕ್ಕೆ,
ತಪ್ಪಿದರೆ ಎಲ್ಲವೂ ವಾಪಸು.
ಜಬೀನಾ ಸಿಸ್ಟರ್, ನೈಟ್ ಡ್ಯೂಟಿ ಮುಗಿಸಿ ನೇರ ಬರುವವರು,
ಒಂಬತ್ತರಲ್ಲಿ ತಪ್ಪುತ್ತಾರೆ, ನಗುತ್ತಾರೆ, ಸೊನ್ನೆಯಿಂದ ಹೊರಡುತ್ತಾರೆ.
ನಲವತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಯಾರೂ ಹುರುಪು ತುಂಬಬೇಕಿಲ್ಲ.
ಇಂಚರ ಆ ಬೀಜಗಳನ್ನು ಮೆಟ್ಟಿಲ ಕಲ್ಲಿಗೆ ತೇಯ್ದು
ಚೌಕಾಬಾರಕ್ಕೆ ಕವಡೆ ಮಾಡಿಕೊಂಡಳು.

ಚಾಕೊಲೇಟು ಕೊಟ್ಟೆ. ನಕ್ಷತ್ರದ ಸ್ಟಿಕ್ಕರು ಅಂಟಿಸಿದೆ.
ಸಿನಿಮಾ ಹಾಡು ಹೇಳಿಕೊಡಲಾ ಎಂದೆ.
"ಬೇಡ ಸರ್" ಎಂದಳು, ಸಿಟ್ಟಿಲ್ಲದೆ,
ಊಟ ಆಯಿತು ಅನ್ನುವವರ ಹಾಗೆ.

ಆಮೇಲೊಂದು ಗುರುವಾರ ಕರೆಂಟು ಹೋಯಿತು.
ಕೆಳಗೆ ಗಿರಣಿ ಇಳಿಯುತ್ತ, ಇಳಿಯುತ್ತ, ನಿಂತಿತು.
ಇಷ್ಟು ವರ್ಷ ಯಾವುದರ ಮೇಲೆ ಕೂತು ಪಾಠ ಹೇಳಿದೆನೆಂದು
ಆಗ ಕೇಳಿಸಿತು.
ಇಂಚರ ಕಮಾನು ಕೆಳಗಿಟ್ಟಳು.
"ಸರ್, ರಾಗಿ ಹಾಕಿದಾಗ ಮಿಲ್ಲು ಕೆಳಗಿನ ಸ್ವರಕ್ಕೆ ಬರುತ್ತಲ್ವಾ?
ಗೋಧಿಗೆ ಅಷ್ಟು ಬರಲ್ಲ."

ಹಾಗೇನಿಲ್ಲಮ್ಮ ಅನ್ನಲು ಬಾಯಿ ತೆರೆದೆ.
ಮುಚ್ಚಿದೆ.
ಇಬ್ಬರೂ ಮೆಟ್ಟಿಲಿಳಿದೆವು, ಅವಳ ಕಂಕುಳಲ್ಲಿ ಪಿಟೀಲು.
ಕರೆಂಟು ಬಂತು. ಮುನಿವೆಂಕಟಪ್ಪ ರೆಪ್ಪೆಯ ಹಿಟ್ಟು ಒರೆಸಿಕೊಂಡು
ಯಾರದೋ ಐದು ಸೇರು ರಾಗಿ ಸುರಿದರು.
ಇಳಿಯಿತು. ಕೂದಲೆಳೆಯಷ್ಟು.
ತಂತಿ ಮೀಟಿ, ಬಿರಡೆ ತಿರುವಿ, ಮತ್ತೆ ಮೀಟಿ,
ಎರಡೂ ಒಂದಾದ ಗಳಿಗೆಯಲ್ಲಿ ಕೈ ತೆಗೆದಳು.
ನನಗೆ ಭೇಷ್ ಅನ್ನಲೂ ಹೊಳೆಯಲಿಲ್ಲ.
"ಬೆಲ್ಟು ಸವೆದೈತೆ, ಅದಕ್ಕೇ" ಎಂದರು ಮುನಿವೆಂಕಟಪ್ಪ.

ಮುಂದಿನ ವಾರ ಒಂದು ನೋಟ್‌ಬುಕ್ ತಂದಳು.
ನಮ್ಮ ಕುಕ್ಕರು: ಮೇಲಿನ ಸ, ಸ್ವಲ್ಪ ಜಾಸ್ತಿ.
ಲಿಫ್ಟು: ಪ, ಆಮೇಲೆ ಮ.
ಎದುರುಮನೆ ಅಜ್ಜಿಯ ಆಕ್ಸಿಜನ್ ಮಿಷನ್ನು:
ಒಂದು ಪ್ರಶ್ನೆಗುರುತು, ಅಳಿಸಿ ಬರೆದ ಒಂದು ನಿ.
ಜಂಟಿ ವರಸೆ ಮುಟ್ಟಿರಲಿಲ್ಲ. ಹಳದಿ ಬಟ್ಟೆ ಹಾಗೇ.
ಗಾಂಧಾರ ಇನ್ನೂ ಅದೇ ಬಾಗಿಲಲ್ಲಿ.
ಆದರೆ ಈಗ ಅದು ನಿಂತಾಗಲೆಲ್ಲ
ಹುಳಿ ಕಚ್ಚಿದವಳಂತೆ ಮುಖ ಹಿಂಡುತ್ತಾಳೆ.

ಸ್ಕೂಟರು ಆಫ್ ಮಾಡದೆ ಅವಳಮ್ಮ ಕೆಳಗಿಂದ ಕೂಗಿದರು:
"ಏನಾದ್ರೂ ಕಲಿತಳಾ ಸರ್? ವರ್ಷ ಆಗ್ತಾ ಬಂತು."
"ಕೇಳಿದಳು" ಎಂದೆ.
"ಏನು ಕೇಳಿದಳು? ಹೊಸ ಪಿಟೀಲಾ?"
ಅಷ್ಟರಲ್ಲಿ ಗಿರಣಿಗೆ ಯಾರೋ ಏನೋ ಸುರಿದರು,
ನನ್ನ ಉತ್ತರ ಅದರೊಳಗೆ ಹೋಯಿತು.
ಹಿಂದಿನ ಸೀಟಿನಲ್ಲಿ, ಹೆಲ್ಮೆಟ್ಟಿನ ಒಂದು ಕಿವಿ ಎತ್ತಿ,
ಇಂಚರ ಕತ್ತು ವಾಲಿಸಿದಳು.
"ಅಕ್ಕಿ."