ಜಾಮೀನು

ನೋಶಿರೊ ಊರಿನ ಶಾಲೆಯೊಂದರಲ್ಲಿ ನಾನು ಗುಮಾಸ್ತ.
ಮುದುಕರನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆ,
ತುತ್ತು ನೆತ್ತಿಗೇರದಂತೆ ಉಣಿಸುವುದು ಹೇಗೆ
ಎಂದು ಇಲ್ಲಿ ಎರಡು ವರ್ಷ ಕಲಿಸುತ್ತಾರೆ.
ನಾನು ಕಲಿಸುವುದಿಲ್ಲ. ಅರ್ಜಿ ಇಸಕೊಳ್ಳುತ್ತೇನೆ.

ವಿದ್ಯಾರ್ಥಿವೇತನದ ಕರಾರು ಇಷ್ಟೇ:
ಓದಿನ ಖರ್ಚು ನಮ್ಮದು. ಪಾಸಾದ ಮೇಲೆ
ಐದು ವರ್ಷ ಇದೇ ಸೀಮೆಯ ಮುದುಕರ ಚಾಕರಿ.
ಐದು ತುಂಬಿದರೆ ಸಾಲ ಮಾಫಿ,
ನಡುವೆ ಬಿಟ್ಟು ಹೋದರೆ ಕಾಸಿಗೆ ಕಾಸು ವಾಪಸ್ಸು.
ಅದಕ್ಕೊಬ್ಬ ಜಾಮೀನುದಾರ ಬೇಕು.

ಥಿರಿ ಬಂದದ್ದು ಬರ್ಮಾದ ಪತೇನ್‌ನಿಂದ,
ಕೊಡೆ ಕಟ್ಟುವವರ ಮನೆಯಿಂದ.
ಹಿಮ ಬೀಳುವಾಗಲೂ ಬಣ್ಣದ ಕೊಡೆ ಬಿಚ್ಚುತ್ತಾಳೆ,
ಕಡಲ ಗಾಳಿ ಅದನ್ನು ಮಗುಚಿ ಹಾಕುತ್ತದೆ,
ರಾತ್ರಿ ಕೂತು ಕಡ್ಡಿ ತಾನೇ ಕಟ್ಟಿಕೊಳ್ಳುತ್ತಾಳೆ.
ಈ ಊರಲ್ಲಿ ಅವಳಿಗೆ ಗೊತ್ತಿರುವವರು ಮೂವರು:
ನಾನು, ಬ್ರೆಡ್ಡಿನ ಅಂಗಡಿಯವನು, ಕಿನುಯೊ ಅಜ್ಜಿ.

ಅಜ್ಜಿಗೆ ತೊಂಬತ್ತೊಂದು.
ಮಂಗಳವಾರ ಮಂಗಳವಾರ ಶಾಲೆಗೆ ಬಂದು
ಮಂಚದ ಮೇಲೆ ಮಲಗುತ್ತಾಳೆ,
ಹುಡುಗಿಯರು ಹೊರಳಿಸಿ ಕಲಿಯಲೆಂದು.
'ರಬ್ಬರಿನ ಗೊಂಬೆಗೆ ಕಚಗುಳಿ ಆಗೋದಿಲ್ಲ, ನನಗಾಗುತ್ತೆ.'
ಸುಗಿ ಮರ ಸೀಳುವ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ದುಡಿದವಳು.
ಗರಗಸ ಕಚ್ಚಿದ ಕಿರುಬೆರಳು, ಇಲ್ಲದ ಅದರ ತುದಿ,
ಚಳಿಗೆ ಈಗಲೂ ಜುಮುಗುಡುತ್ತದಂತೆ.
ಮೊದಲ ದಿನವೇ ಥಿರಿ
ಆ ಮೋಟುಬೆರಳನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು ಕೂತಳು.
ಪಠ್ಯದಲ್ಲಿ ಅದಿಲ್ಲ. ಮಾರ್ಕೂ ಇಲ್ಲ.

ಅರ್ಜಿಗೆ ಕಡೆಯ ದಿನ. ಬಾಗಿಲಲ್ಲಿ ಬೂಟು ಕೊಡವಿ
ಅಜ್ಜಿ ಬಂದಳು, ಹಿಂದೆ ಬೇಡ ಬೇಡ ಅನ್ನುತ್ತ ಥಿರಿ.
ಕರವಸ್ತ್ರದ ಗಂಟು ಬಿಚ್ಚಿದರೆ
ಒಳಗೆ ಮನೆತನದ ಮೊಹರು, ಎಮ್ಮೆಕೊಂಬಿನದು.
'ಜಾಮೀನು ನಾನು. ಎಲ್ಲಿ ಒತ್ತಲಿ?'

ನಿಯಮ ಓದಿದೆ, ದನಿ ತಗ್ಗಿಸಿ:
ಜಾಮೀನುದಾರರಿಗೆ ಅರುವತ್ತೈದು ದಾಟಿರಬಾರದು.

ಒಂದು ಗಳಿಗೆ ಸುಮ್ಮನಿದ್ದಳು.
ಆಮೇಲೆ ನಕ್ಕಳು ನೋಡಿ, ಹಲ್ಲಿನ ಸೆಟ್ಟು ಜಾರುವಷ್ಟು.
'ಮುದುಕರಿಗಾಗಿ ಓದೋ ಹುಡುಗಿ,
ಮುದುಕರಿಗಾಗಿ ಇಟ್ಟ ದುಡ್ಡು,
ಮುದುಕರ ಮಾತು ಮಾತ್ರ ನಡೆಯೋದಿಲ್ಲ. ಅಲ್ಲವೇನಪ್ಪ?'

ಹೀಟರು ಗೊರಗೊರ ಅನ್ನುತ್ತಿತ್ತು.
ಅಜ್ಜಿ ಥಿರಿಯ ಅಂಗೈ ಎಳೆದುಕೊಂಡು
ಮೊಹರಿಗೆ ಹಾ ಎಂದು ಉಸಿರು ತಾಗಿಸಿ
ನಡುಮಧ್ಯಕ್ಕೆ ಒತ್ತಿದಳು.
'ನಾಳೆ ಕೈ ತೊಳೆಯೋ ಪಾಠ ಇದೆಯಲ್ಲ,
ಸರಿಯಾಗಿ ತೊಳಿ.'
ಹುಡುಗಿ ಅಳಲಿಲ್ಲ. ಬೆರಳು ಮಡಚಲೂ ಇಲ್ಲ,
ಶಾಯಿ ಆರಲೆಂದು ಹಾಗೇ ಚಾಚಿಕೊಂಡು ನಿಂತಳು.

ಅವರು ಹೋದರು. ಗಂಟೆ ನಾಲ್ಕೂ ಹತ್ತು.
ಐದಕ್ಕೆ ಪೆಟ್ಟಿಗೆಗೆ ಬೀಗ.
ನನಗೆ ಐವತ್ತೆಂಟು.
ನನ್ನ ಮೊಹರು ಮೇಜಿನ ಎರಡನೇ ಖಾನೆಯಲ್ಲಿದೆ.
ಗುಮಾಸ್ತ ಜಾಮೀನು ನಿಲ್ಲಬಾರದು ಅನ್ನುವ ನಿಯಮ
ಎಲ್ಲೋ ಓದಿದ ನೆನಪು.
ಕನ್ನಡಕ ಒರೆಸಿಕೊಂಡು
ಪುಟ ಪುಟ ಹುಡುಕುತ್ತಿದ್ದೇನೆ,
ಸಿಗದಿರಲಿ ಎಂದು.